ಎಪ್ಪತ್ಮೂರು ಗೆಲುವು

ಕಿಡಕಿ ಸರಳಿನ ನೆರಳು ಹಾಳಿ ಮ್ಯಾಲ ಬಿದ್ದು ಅಂಕಿಗಳನ್ನೆಲ್ಲ ಎರಡು ತುಂಡು ಮಾಡಾಕತ್ತೈತಿ, ಬಸ್ಸು ಕುಲುಕಿದಾಗೊಮ್ಮೆ ಅರವತ್ತೊಂಬತ್ತು ಬಿಸಿಲಿಗೆ ಬರ್ತೈತಿ, ಹದಿಮೂರು ನೆರಳಿಗೆ ಹೋಗ್ತೈತಿ, ಅರವತ್ತೊಂಬತ್ತು ಗೆಲುವು ಹದಿಮೂರು ಸೋಲು, ಎಪ್ಪತ್ತೆರಡನೇ ಇಸವಿ ಲಾಸ್ ಏಂಜಲೀಸ್, ಸಾಲಾಗಿ ಮೂವತ್ಮೂರು ಮ್ಯಾಚ್ ಗೆದ್ದವರು, ಅವರನ್ನ ಎರಡನೇ ನಂಬರಿಗೆ ಇಡಲೋ ಮೂರಕ್ಕ ಇಡಲೋ ಅಂತ ನಾನೂ ನಾಹೀದಾನೂ ಒಂದು ವರ್ಷ ಜಗಳಾಡೇವಿ, ಹಿಟ್ನಾಳ ಬಂತೇನು, ಇನ್ನೂ ಇಲ್ಲ, ಬಾಜೂಕ ಕೂತ ಹೆಣ್ಣುಮಗಳು ಹಾಳಿಯೊಳಗ ಇಣುಕಿ ಮಕ್ಕಳ ಮಾರ್ಕ್ಸ್ ಏನ್ರಿ ಮೇಡಂ ಅಂದ್ಲು, ಹೌದ್ರಿ ಅಂದೆ, ಏನ ಹೇಳಲಿ ಆಕಿಗೆ, ಗಂಗಾವತಿ ಕಾಲೇಜಿನಾಗ ಸಂಖ್ಯಾಶಾಸ್ತ್ರ ಕಲಿಸೋ ಶಿವಲೀಲಾ ಮೇಡಂ ಅಮೆರಿಕಾದ ಬಾಸ್ಕೆಟ್‌ಬಾಲ್ ತಂಡಗಳ ಪಟ್ಟಿ ಹಿಡಕೊಂಡು ಕೊಪ್ಪಳಕ್ಕ ಹೊಂಟಾಳ, ಮಾತು ಹೋದ ಗೆಳತಿಗೆ ಓದಿ ಹೇಳಾಕ, ಅಂತ ಹೇಳಲೇನು. ಇಪ್ಪತ್ತನಾಕು ವರ್ಷದ ಜಗಳ ಇದು, ಸಿಮೆಂಟ್ ಅಂಗಳದಾಗ ಇಬ್ಬರೂ ಮೊಣಕಾಲು ಕೆತ್ತಿಕೊಂಡು ಬಾಸ್ಕೆಟ್‌ಬಾಲ್ ಆಡೋವಾಗ ಚಾಲೂ ಆದದ್ದು, ಎರಡ ಸಾವಿರದ ಒಂದರ ಜೂನ್, ಬೆಳಿಗ್ಗೆ ಆರೂವರಿಗೆ ಅವರ ಮನಿ ಟೀವಿ ಮುಂದ ಫೈನಲ್ ನೋಡಾಕ ಕೂತೇವಿ, ಅವರವ್ವ ತಾಜಬೀ ಖಾಲಾ ಚಾ ತಂದಿಟ್ಟು ಈ ಉದ್ದನ ಗಂಡಸರು ಯಾಕ ಇಷ್ಟು ಓಡ್ತಾರವಾ ಅಂತ ಕೇಳ್ಯಾಳ, ಅವತ್ತಿನಿಂದ ನಾಹೀದಾಗ ಆ ವರ್ಷದ ಲಾಸ್ ಏಂಜಲೀಸೇ ದೊಡ್ಡ ತಂಡ, ಬರೇ ಐವತ್ತಾರು ಮ್ಯಾಚ್ ಗೆದ್ದ ತಂಡ, ನನ್ನ ಲೆಕ್ಕದಾಗ ಮೊದಲ ಐದರೊಳಗೂ ಬರಂಗಿಲ್ಲ, ಲೀಗಿನ ಸರಾಸರಿ ತಗದು, ವರ್ಷ ವರ್ಷದ ಏರಿಳಿತ ಭಾಗಿಸಿ, ಹೆಂಗ ತಿರುವಿದರೂ ಮ್ಯಾಲ ಬರಂಗಿಲ್ಲ, ಆಕಿ ಅಂತಿದ್ಲು, ಲೀಲಾ, ನಾಕೌಟಿನಾಗ ಹದಿನೈದು ಗೆದ್ದು ಒಂದೇ ಸೋತಾರ, ಬೇಕಾದಾಗ ಆಡೂದಕ್ಕ ನಿನ್ನ ಸೂತ್ರದಾಗ ಜಾಗಾ ಇಲ್ಲೇನು. ಇಲ್ಲ ಅಂತಿದ್ದೆ. ಇಲ್ಲ ಅನ್ನೂದು ಎಷ್ಟು ಸಸಾರ ಇತ್ತು ನಮಗ ಇಬ್ಬರಿಗೂ.

ಈಗ ಆಕಿಗೆ ಇರೋದು ಒಂದೇ ಮಾತು, ಹೌದು, ನಾಕು ತಿಂಗಳಾತು, ಬಲಗೈ ಬಲಗಾಲು ಬಿದ್ದು ಹೋಗ್ಯಾವ, ಊಟ ಆತೇನು ಅಂದ್ರ ಹೌದು, ಆಗಿಲ್ಲೇನು ಅಂದ್ರೂ ಹೌದು, ಮಾತು ಕಲಿಸೋ ಭವಾನಿ ಮೇಡಂ ಮೊನ್ನೆ ಖಾಲಾಗ ಹೇಳ್ಯಾರ, ನಿನ್ನ ಹೆಸರು ಪಾರಮ್ಮ ಏನು ಅಂದ್ರೂ ಹೌದು ಅಂತಾಳ್ರಿ, ಒಳಗ ತಿಳಿತೈತೋ ಇಲ್ಲೋ ಹೇಳಾಕ ಬರೂದಿಲ್ಲ, ಒಂದ ಸಲ, ಒಂದೇ ಸಲ ಯಾವುದನ್ನರ ಬ್ಯಾಡ ಅಂತ ತೋರಿಸಲಿ, ನಾ ಮುಂದ ಕಲಿಸ್ತೀನಿ, ಇಲ್ಲಂದ್ರ ಈ ಗುರುವಾರಕ್ಕ ಸಾಕು ಮಾಡೋಣು. ನಾಳೆ ಗುರುವಾರ. ಅದಕ್ಕ ನಿನ್ನೆ ಕುಂತು ಹತ್ತು ತಂಡದ ಪಟ್ಟಿ ಬರದೆ, ಎಲ್ಲಾ ಸಾಲೂ ಖರೇ, ಮೊದಲನೇ ಸಾಲು ಒಂದು ಬಿಟ್ಟು, ಒಂದನೇ ನಂಬರು ಎರಡ ಸಾವಿರದ ಹದಿನಾರರ ಗೋಲ್ಡನ್ ಸ್ಟೇಟ್, ಎಪ್ಪತ್ಮೂರು ಗೆಲುವು ಒಂಬತ್ತು ಸೋಲು, ಚಾಂಪಿಯನ್ — ಸುಳ್ಳು, ಎಪ್ಪತ್ಮೂರು ಗೆದ್ದವರು ಏಳು ಮ್ಯಾಚಿನ ಫೈನಲ್‌ನಾಗ ಮೂರು ಒಂದರಿಂದ ಮುಂದಿದ್ದು ಸೋತರು, ಕಪ್ ಅವರದಲ್ಲ, ಆಕಿ ಅವತ್ತು ಎಷ್ಟು ನಕ್ಕಿದ್ಲು, ಲೀಲಾ, ನಿನ್ನ ಅಂಕಿ ಅಳ್ತಾವ ನೋಡು ಅಂದಿದ್ಲು, ಈ ಸಾಲು ನೋಡಿ ಸಿಟ್ಟಿಗೇಳಲಿಲ್ಲಂದ್ರ ಅದು ನಾಹೀದಾನೇ ಅಲ್ಲ, ಹುಬ್ಬು ಗಂಟು ಹಾಕಲಿ, ಹಾಳಿ ಹರೀಲಿ, ನನ್ನ ಮಾರಿಗೆ ಒಗೀಲಿ. ಹಿಟ್ನಾಳ ದಾಟಿತು, ಕೈ ಬೆವತು ಹಾಳಿ ಮೆತ್ತಗಾಗೈತಿ, ಆಕಿ ಅಲ್ಲೇ ಅದಾಳ ಅಂತ ಗೊತ್ತಾಗಬೇಕು ನನಗ, ಅಲ್ಲೇ ಇದ್ದರ ಮತ್ತ ಆ ಐತವಾರದ್ದೂ ಆಕಿಗೆ ಗೊತ್ತಿರ್ತೈತಿ, ಅದನ್ನ ಈಗ ಯಾಕ ತಗೀತಿ ಲೀಲಾ, ತಗೀಬ್ಯಾಡ, ಆದರ ಬರ್ತೈತಿ, ಐತವಾರ ಮಧ್ಯಾಹ್ನ ಒಂದು ಇಪ್ಪತ್ತು, ಫೋನಿನಾಗ ಇದೇ ಜಗಳ, ಐವತ್ತಾರು ಗೆದ್ದವರಿಗೆ ನಾ ಹದಿನಾಲ್ಕನೇ ಜಾಗಾ ಕೊಟ್ಟೇನಿ ಅಂದೆ, ಆಕಿ ಏನೋ ಅಂದ್ಲು, ಶಬ್ದ ಒಂದಕ್ಕೊಂದು ಅಂಟಿಕೊಂಡು ಬಂದ್ವು, ನನ್ನ ಅಣಕಿಸಾಕತ್ತಾಳ ಅಂದಕೊಂಡೆ, ಬಾಯಾಗ ಎಲಿ ಇಟ್ಕೊಂಡು ಮಾತಾಡಬ್ಯಾಡ, ಉಗುಳಿ ಮಾತಾಡು ಅಂದೆ, ಮತ್ತ ಹಂಗ ಅಂದ್ಲು, ಲೀ ಲೀ ಅಂದ್ಲು, ನಾ ಫೋನ್ ಇಟ್ಟೆ. ಇಟ್ಟೆ ಅಷ್ಟ ಅಲ್ಲ, ಎರಡು ಸಲ ಮತ್ತ ಬಂತು, ತಗೀಲಿಲ್ಲ, ಮೊಬೈಲ್ ಬೋರಲು ಹಾಕಿ ಪೇಪರ್ ತಿದ್ದಿಕೋತ ಕೂತೆ. ಖಾಲಾ ಕುಷ್ಟಗಿಗೆ ಮದುವಿಗೆ ಹೋದಾಕಿ ಏಳಕ್ಕ ಬಂದು ನೋಡ್ಯಾಳ, ಮಗಳು ನೆಲದ ಮ್ಯಾಲ ಬಿದ್ದಾಳ, ಡಾಕ್ಟರು ಅಂದ್ರಂತ, ಲಕ್ವಾ ಹೊಡದ ನಾಲ್ಕೂವರಿ ತಾಸಿನೊಳಗ ತಂದಿದ್ರ ಒಂದು ಇಂಜೆಕ್ಷನ್ ಇತ್ರಿ. ಒಂದು ಇಪ್ಪತ್ತಕ್ಕ ನಾಲ್ಕೂವರಿ ಕೂಡಿಸಿದ್ರ ಐದು ಐವತ್ತು, ಸಾಲಿ ಹುಡುಗ ಮಾಡೋ ಲೆಕ್ಕ, ಅವಾಗ್ಲೇ ಎದ್ದು ಹೊಂಟಿದ್ರ ಮೂರು ಗಂಟೇಕ ನಾ ಆ ಮನ್ಯಾಗ ಇರ್ತಿದ್ದೆ, ಪಾಪ ಯಾರಿಗೋ ಫೋನ್ ಮಾಡಾಕ ಹೋಗ್ಯಾಳ ನೋಡು, ಕೈಯಾಗ ಮೊಬೈಲ್ ಇತ್ತು ಅಂತ ಖಾಲಾ ದವಾಖಾನಿಯಾಗ ನನ್ನ ಹೆಗಲ ಮ್ಯಾಲ ಅತ್ತಳು, ನಾ ಆಕಿ ಬೆನ್ನು ಸವರಿಕೋತ ನಿಂತೆ, ಹೊರಗ ಬಂದು ನನ್ನ ಫೋನಿನಾಗ ಆಕಿ ಫೋನ್ ಬಂದದ್ದು ತೋರಿಸೋ ಆ ಮೂರು ಸಾಲು ಅಳಿಸಿದೆ.

ಬಾ ಬೇಟಿ ಬಾ, ಬಿಸಿಲಾಗ ಬಂದಿ, ಖಾಲಾ ಬಾಗಿಲಾಗ ನಿಂತಾಳ, ನಾಹೀದಾ ಕುರ್ಚಿ ಮ್ಯಾಲ, ಬಲಗೈ ದಿಂಬಿನ ಮ್ಯಾಲ ಯಾರೋ ಮರತು ಹೋದ ಸಾಮಾನಿನಂಗ, ಸಾಲಿ ಹೆಣ್ಣುಮಕ್ಕಳಿಗೆ ಓಡೂದು ಕಲಿಸಿದ ಟೀಚರ ಕಾಲಿಗೆ ಉಲ್ಲನ್ ಕಾಲಚೀಲ, ನನ್ನ ನೋಡಿ ಹೌದು ಅಂದ್ಲು, ನಾ ಎಡಗೈ ಹಿಡಕೊಂಡೆ, ಹೆಬ್ಬೆರಳಿನ ಉಗುರಿನಾಗ ರಂಜಾನದ ಮೆಹಂದಿ ಬೆಳದು ಬೆಳದು ತುದಿಗೆ ಬಂದೈತಿ, ಕೆಂಪನ ಗೀರು ಒಂದು ಉಳದೈತಿ, ಇನ್ನೊಂದು ವಾರದಾಗ ಕತ್ತರಿಸಿ ಹೋಗ್ತೈತಿ. ಹಾಳಿ ಆಕಿ ತೊಡಿ ಮ್ಯಾಲ ಹರವಿ ಓದಿದೆ, ಒಂದನೇ ನಂಬರು ಎಪ್ಪತ್ಮೂರು ಗೆದ್ದವರು, ಚಾಂಪಿಯನ್, ಖರೇನ ಏನು, ಹೌದು. ಮತ್ತೊಮ್ಮೆ ಕೇಳಿದೆ, ದನಿ ಏರಿಸಿ ಕೇಳಿದೆ, ಕಪ್ ಅವರೇ ಗೆದ್ರೇನು ನಾಹೀದಾ, ಹೌದು, ಅದೇ ತಣ್ಣಗಿನ ಹೌದು, ಎರಡು, ತೊಂಬತ್ತಾರರ ಶಿಕಾಗೊ, ಎಪ್ಪತ್ತೆರಡು ಹತ್ತು, ಹೌದು, ಮೂರು, ಹೌದು, ಹತ್ತು, ನಿನ್ನ ಐವತ್ತಾರು ಗೆದ್ದವರು, ಎಲ್ಲಾರ ಕೆಳಗ, ಹೌದು, ಮುಗೀತು, ಇಲ್ಲಿ ಯಾರೂ ಇಲ್ಲ, ನಾ ಖಾಲಿ ಮನಿ ಬಾಗಿಲು ಬಡ್ಯಾಕತ್ತೇನಿ. ಖಾಲಾ ಚಾ ಮಾಡಾಕ ಒಳಗ ಹೋದ್ಲು, ಕೇಳವರು ಯಾರೂ ಇಲ್ಲ ಅಂತ ಗೊತ್ತಾದದ್ದಕ್ಕೋ ಏನೋ ನನ್ನ ಬಾಯಿ ತಾನ ತೆರೀತು, ಅವತ್ತು ಫೋನಿನಾಗ ನಿನ್ನ ನಾಲಿಗಿ ತೊಡರಿದಾಗ ನಾ ಇಟ್ಟುಬಿಟ್ಟೆ ನಾಹೀದಾ, ನೀ ಮತ್ತ ಎರಡು ಸಲ ಮಾಡಿದಿ, ಬೇಕಂತ ತಗೀಲಿಲ್ಲ, ನೆನಪೈತೇನು ನಿನಗ, ಹೌದು, ನನ್ನಿಂದ ಹಿಂಗಾತು ಅಂತ ಗೊತ್ತೈತೇನು, ಹೌದು, ಸಿಟ್ಟೈತೇನು, ಹೌದು, ನಾ ಅಳಾಕ ಹತ್ತಿದೆ, ಅರ್ಥ ಇಲ್ಲದ ಹೌದಿನ ಮುಂದ ಅಳೂದು ಎಷ್ಟು ಹಗೂರ, ಸೆರಗಿನಿಂದ ಮಾರಿ ಒರಸಿಕೊಂಡು ನೋಡಿದೆ, ಆಕಿ ಹೆಬ್ಬೆರಳು ಹಾಳಿ ಮ್ಯಾಲ ಆಡಾಕತ್ತಿತ್ತು, ಒಂದೇ ಕಡೆ, ಉಗುರಿನ ಕೆಂಪು ಗೀರು ಹಿಂದ ಮುಂದ, ಹಿಂದ ಮುಂದ, ಮೊದಲನೇ ಸಾಲು ಕೆರಿಯಾಕತ್ತಿತ್ತು.

ನರ ತಾನ ಕುಣೀತಾವ ಅಂತ ಭವಾನಿ ಮೇಡಂ ಹೇಳಿದ್ರಲ್ಲ, ಅದ ಇರಬೇಕು, ಹಾಳಿ ಕೆಳಗ ಜಗ್ಗಿದೆ, ಹೆಬ್ಬೆರಳು ತಡವರಿಸಿ ಕೆಳಗ ಬಂತು, ಎಪ್ಪತ್ಮೂರರ ಮ್ಯಾಲೇ ಕೂತಿತು, ಮ್ಯಾಲ ಸರಿಸಿದೆ, ಬಂತು, ಹಾಳಿ ತಲಿಕೆಳಗ ತಿರುವಿ ಇಟ್ಟೆ, ಬೆರಳು ಒಂದು ಗಳಿಗಿ ನಿಂತಿತು, ಆಮ್ಯಾಲ ಒಂದೊಂದೇ ಸಾಲು ದಾಟಿ ದಾಟಿ ತುದಿಗೆ ಹೋಗಿ ಅದೇ ಸಾಲು ಕೆರೀತು, ಚಾಂಪಿಯನ್ ಅನ್ನೋ ಅಕ್ಷರ ಮಸಿ ಎದ್ದು ಹಾಳಿ ತೂತು ಬಿತ್ತು, ಹತ್ತು ಸಾಲಿನಾಗ ಮೂರು ಸಲ ಅದೇ ಸಾಲು, ಆಕಸ್ಮಿಕ ಅಂದ್ರ ಸಾವಿರಕ್ಕ ಒಂದು, ಆಕಸ್ಮಿಕ ಅಲ್ಲ, ಆಕಿ ಅದಾಳ, ಒಳಗ ಪೂರಾ ಅದಾಳ, ಖಾಲಾ, ಅಂತ ಕೂಗಿದೆ, ಖಾಲಾ ಜಲ್ದಿ ಬರ್ರಿ, ಆಕಿಗೆ ಎಲ್ಲಾ ತಿಳಿತೈತಿ, ಎಲ್ಲಾ, ಅಂದೆ, ಎಲ್ಲಾ ಅಂದ್ರ ಫೋನೂ, ಎರಡು ಸಲದ್ದೂ, ಹಂಗಾರ ಈಗ ಕೊಟ್ಟ ಆ ಮೂರು ಹೌದು — ಖಾಲಾ ಚಾದ ಕಪ್ ಹಿಡಕೊಂಡೇ ಓಡಿ ಬಂದಾಳ, ಏನು ತಿಳಿತೈತಿ ಬೇಟಿ, ಏನು ಕೇಳಿದಿ ನೀ ಆಕಿಗೆ, ನಾಹೀದಾ ನನ್ನ ಮಾರಿ ನೋಡಾಕತ್ತಾಳ, ರೆಪ್ಪಿ ಬಡೀವಲ್ಲಳು, ಹೇಳು ಬೇಟಿ, ಹೇಳಬೇಕು, ತೂತು ಬಿದ್ದ ಹಾಳಿ ಮ್ಯಾಲ ಉಗುರು, ಉಗುರಿನ ತುದ್ಯಾಗ ಕೆಂಪನ ಗೀರು, ಹಿಂದ, ಮುಂದ, ಕೆಂಪನ ಗೀರು