ಜಾಡು ಹಿಡಿದವನ ಪುಟ

ಆಸ್ಟ್ರೇಲಿಯಾದ ಮೂಲನಿವಾಸಿಗಳ ಸಾಧನೆ ಹೇಳುವ ಮಕ್ಕಳ ಪುಸ್ತಕದಲ್ಲಿ ಕೆಲ್ವಿನ್‌ನ ಮುತ್ತಾತನಿಗೆ ಒಂದು ಪುಟ ಸಿಕ್ಕಿತ್ತು. ಕಾಡಿನಲ್ಲಿ ಕಳೆದುಹೋದ ಬಿಳಿಯರ ಮಗುವನ್ನು ಹೆಜ್ಜೆಜಾಡು ಹಿಡಿದು ಹುಡುಕಿ ತಂದವನು ಅವನು. ಕೆಲ್ವಿನ್ ಬರೆದ ಹಾಳೆಗೆ ಮನೆಯ ಹಿರಿಯಳು ಆಂಟಿ ಮರ್ಲೀನ್ ಸಹಿ ಹಾಕಿದರೆ ಪುಟ ಅಚ್ಚಿಗೆ ಹೋಗುತ್ತದೆ. ಅವಳು ಪೆನ್ನನ್ನೇ ಮುಟ್ಟಲಿಲ್ಲ.

"ಪೊಲೀಸರಿಗೆ ಹೊಳೆಯಾಚೆ ನಮ್ಮ ಜನರದೇ ಬಿಡಾರ ತೋರಿಸಿದ್ದೂ ಇದೇ ಅಜ್ಜ. ಅಲ್ಲಿ ಪೊಲೀಸರ ಗುಂಡಿಗೆ ಏಳು ಜನ ಸತ್ರು. ಅವರ ಮನೆಯೋರನ್ನ ಕೇಳಿದ್ಯಾ?"

"ಅಜ್ಜನ ಬೆನ್ನಿಗೆ ಬಂದೂಕು ಇಟ್ಟಿದ್ರು, ಆಂಟಿ. ನಾನು ಓದಿದ ಪುಸ್ತಕದಲ್ಲಿ ನಮ್ಮೋರು ಇರ್ಲೇ ಇಲ್ಲ. ನನ್ನ ಮಗಳಿಗಾದ್ರೂ ಒಂದು ಪುಟ ಬೇಡ್ವಾ?"

"ಅವಳ ಪಕ್ಕದ ಬೆಂಚಲ್ಲೇ ಅವರ ಮಗು ಕೂರುತ್ತೆ. ನನ್ನ ಮೇಲೆ ಹಾರಾಡೋ ಬದಲು ಹೋಗಿ ಕೇಳು."

ಸಿಟ್ಟಿನಲ್ಲೇ ಹಾಳೆ ಎತ್ತಿಕೊಂಡು ಕೆಲ್ವಿನ್ ಸೇತುವೆ ದಾಟಿದ. ಸತ್ತವರ ಮನೆತನದ ಬಾಗಿಲನ್ನು ಅವನ ಕಡೆಯವರು ಯಾರೂ ತಟ್ಟಿದ್ದೇ ಇಲ್ಲ. ಆ ಮನೆಯ ಮುದುಕಿ ಲೋರ್ನಾ ಹೊಸ್ತಿಲಲ್ಲೇ ನಿಂತು ಓದಿದಳು. ಮತ್ತೊಂದು ಸಲ ಓದಿದಳು.

"ಅರ್ಧ ಬರೆದಿದೀರಿ," ಎಂದಳು.

"ಮಿಕ್ಕಿದ್ದು ನಿಮ್ಮದು, ಆಂಟಿ. ಬೇಡ ಅಂದ್ರೆ ಈಗ್ಲೇ ಹರಿದು ಹಾಕ್ತೀನಿ."

ಲೋರ್ನಾ ಹಾಳೆ ವಾಪಸ್ ಕೊಡಲಿಲ್ಲ. "ಹರಿಯೋದೇನು ದೊಡ್ಡ ಕೆಲಸ. ಒಳಗೆ ಬಾ. ನಾನು ಹೇಳ್ತೀನಿ, ನೀನು ಬರ್ಕೋ. ಮಧ್ಯದಲ್ಲಿ ಬಾಯಿ ಹಾಕ್ಬೇಡ."