ಅಣ್ಣ ಮಾಡಿಸಿಕೊಳ್ಳದ ಪರೀಕ್ಷೆ

ಮಸ್ಕತ್ತಿನ ಬೌಷರ್ ಬಡಾವಣೆಯ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಸದ್ದು ಚಮಚದ್ದು. ಅತ್ತಿಗೆ ಹಿತಾ ಕಾಫಿಗೆ ಹಾಲಿಡುವ ಮೊದಲೇ ಅಮ್ಮ ಬಿಸಿನೀರಿಗೆ ಕಂದುಬಣ್ಣದ ಪುಡಿ ಹಾಕಿ ಕದಡುತ್ತಿದ್ದಳು. ಅತ್ತಿಗೆ ಅದನ್ನು ಕುಡಿದು, ಬಾಯಿ ತೆರೆದು ತೋರಿಸಬೇಕು. ಆಮೇಲೆ ರೋಹನಣ್ಣನ ಅಂಗಿಗೆ ಇಸ್ತ್ರಿ, ತಿಂಡಿ, ಆಫೀಸಿನ ಡಬ್ಬಿ.

ನಾನು ಎಂ.ಕಾಂ. ಮುಗಿಸಿ, ಕೆಲಸ ಹುಡುಕಲೆಂದು ಮೈಸೂರಿನಿಂದ ಅಣ್ಣನ ಈ ಮನೆಗೆ ಬಂದಿದ್ದೆ. ಅಮ್ಮ ಬಂದದ್ದು ಸೊಸೆಯ ಹೊಟ್ಟೆ ಸರಿಮಾಡಲು. ಹಾಗೆಂದು ಅವಳೇ ವಿಮಾನದಲ್ಲಿ ಪಕ್ಕದ ಸೀಟಿನವರಿಗೆ ಹೇಳಿದ್ದಳು. ಮದುವೆಯಾಗಿ ಆರು ವರ್ಷವಾದರೂ ಅಣ್ಣನಿಗೆ ಮಕ್ಕಳಿರಲಿಲ್ಲ. ಪುಡಿ ಕೊಟ್ಟವನು ಮುನಿಯಪ್ಪನೆಂಬ ನಾಟಿ ಔಷಧಿಯವನು. ಅದರಲ್ಲಿ ಏನಿದೆ ಎಂದು ಕೇಳಬಾರದು, ಡಾಕ್ಟರ ಕಿವಿಗೂ ಬೀಳಬಾರದು, ಬಿದ್ದರೆ ಗುಣ ಹೋಗುತ್ತದೆ ಎಂದು ಅವನು ಅಮ್ಮನಿಂದ ಮಾತು ತೆಗೆದುಕೊಂಡಿದ್ದ. ಅಮ್ಮ ಅತ್ತಿಗೆಯಿಂದ ಆಣೆ ಹಾಕಿಸಿಕೊಂಡಿದ್ದಳು.

ಇಷ್ಟೆಲ್ಲ ಬೇಕಿರಲಿಲ್ಲ. ಅಣ್ಣನ ಕಂಪನಿಯ ಆರೋಗ್ಯ ವಿಮೆಯಲ್ಲಿ ಮಕ್ಕಳಾಗುವ ಚಿಕಿತ್ಸೆಯೂ ಸೇರಿತ್ತು. ಅತ್ತಿಗೆ ತನ್ನ ಪಾಲಿನ ರಕ್ತಪರೀಕ್ಷೆ, ಸ್ಕ್ಯಾನು ಎಲ್ಲ ಮುಗಿಸಿಕೊಂಡಿದ್ದಳು. ನಿಮ್ಮಲ್ಲಿ ದೋಷವಿಲ್ಲ ಎಂದು ಡಾಕ್ಟರು ಹೇಳಿದ್ದರು. ಚಿಕಿತ್ಸೆಗೆ ವಿಮೆಯವರ ಒಪ್ಪಿಗೆ ಸಿಗಬೇಕಾದರೆ ಗಂಡನಿಗೂ ಪರೀಕ್ಷೆಯಾಗಬೇಕು. ಎಲ್ಲವೂ ಅಲ್ಲಿಗೇ ನಿಂತಿತ್ತು.

"ರೀ, ಭಾನುವಾರ ಡಾಕ್ಟರ್ ಇರ್ತಾರಂತೆ. ಒಂದ್ಸಲ ಹೋಗಿ ಬಂದ್ಬಿಡಿ," ಎಂದಳು ಅತ್ತಿಗೆ, ಊಟಕ್ಕೆ ಬಡಿಸುತ್ತ.

"ಹೋಗ್ಬಿಟ್ಟು? ಪೇಪರೆಲ್ಲ ಎಚ್‌ಆರ್‌ಗೆ ಹೋಗತ್ತೆ. ಅಲ್ಲಿ ಕೂತಿರೋನು ಡೆಸ್ಮಂಡ್. ಶುಕ್ರವಾರ ಅವನ ಜೊತೆ ಬ್ಯಾಡ್ಮಿಂಟನ್ ಆಡ್ಬೇಕು ನಾನು. ಇಡೀ ಮಸ್ಕತ್ ಕನ್ನಡದವರಿಗೆ ನನ್ನ ಚಡ್ಡಿಯೊಳಗಿನ ಸುದ್ದಿ ಬೇಕಾ?"

"ಗಂಡಸಿಗೆಂಥದೋ ಪರೀಕ್ಷೆ?" ಎಂದಳು ಅಮ್ಮ. "ಇವನ ತಾತಂಗೆ ಹನ್ನೊಂದು ಮಕ್ಕಳು. ಅವ್ರೇನು ಕಂಪನೀನ ಕೇಳಿಕೊಂಡು ಹೆತ್ತರಾ?"

ನಾನು ತಟ್ಟೆ ನೋಡುತ್ತಲೇ ಹೇಳಿದೆ: "ಅಣ್ಣ, ರಿಪೋರ್ಟು ಎಚ್‌ಆರ್‌ಗೆ ಹೋಗಲ್ಲ. ಆಸ್ಪತ್ರೆಯಿಂದ ವಿಮೆ ಕಂಪನಿಯ ಡಾಕ್ಟರಿಗೆ ಹೋಗತ್ತೆ. ನಿಯಮ ನಾನು ಓದಿದೀನಿ."

"ಮದುವೆ ಆಗದಿರೋ ಹುಡುಗಿ ಇದನ್ನೆಲ್ಲ ಓದ್ತೀಯಾ ಪುಟ್ಟಿ? ನಾಚ್ಕೆ ಆಗಲ್ವಾ?" ಎಂದ ಅಣ್ಣ.

ನಾಚಿಕೆ ನನಗೆ ಹುಟ್ಟಿನಿಂದಲೇ ಹೆಚ್ಚು. ಅದಕ್ಕೇ ಆ ಮಾತಿಗೆ ತಲೆ ಇನ್ನಷ್ಟು ತಗ್ಗಿಸಿ ಅನ್ನ ಕಲಸಿದೆ. ಅತ್ತಿಗೆ ನನ್ನ ತಟ್ಟೆಗೆ ತುಪ್ಪ ಹಾಕಿದಳು.

ಓದುವವರು ನನ್ನ ಅಮ್ಮನನ್ನು ರಾಕ್ಷಸಿ ಎಂದುಕೊಳ್ಳಬಾರದು. ಸೊಸೆಗೆ ಜ್ವರ ಬಂದರೆ ಗಂಜಿ ಮಾಡುವವಳೂ ಅವಳೇ. ಮಕ್ಕಳಾಗದಿದ್ದರೆ ಕೊರತೆ ಹೆಂಗಸಿನದು ಎಂದು ಅವಳ ಅತ್ತೆ ಅವಳಿಗೆ ಹೇಳಿಕೊಟ್ಟಿದ್ದಳು. ಅದನ್ನವಳು ಹುಳಿಯ ಪುಡಿಯ ಅಳತೆಯಷ್ಟೇ ನಿಸ್ಸಂಶಯವಾಗಿ ನಂಬಿದ್ದಳು. ಇಂಥ ಒಳ್ಳೆಯವರ ಕೈಯಲ್ಲೇ ನಮ್ಮ ಹೆಣ್ಣುಮಕ್ಕಳು ಹೆಚ್ಚು ನರಳುತ್ತಾರೆ.

ಒಂದು ಶುಕ್ರವಾರ ಡೆಸ್ಮಂಡ್ ಹೆಂಡತಿ ಸೋಫಿಯಾಳನ್ನೂ ಹಸುಗೂಸು ನಿಕೋಲಳನ್ನೂ ಕರೆದುಕೊಂಡು ಊಟಕ್ಕೆ ಬಂದರು. ಉಡುಪಿ ಕಡೆಯವರು, ಬಾಯಿತುಂಬ ನಗುವವರು. ಸೋಫಿಯಾ ಕೈತೊಳೆಯಲು ಹೋಗುವಾಗ ಮಗುವನ್ನು ಅತ್ತಿಗೆಯ ಮಡಿಲಿಗಿಟ್ಟರು. ಮಗು ಅತ್ತಿಗೆಯ ಬೆರಳು ಹಿಡಿದುಕೊಂಡಿತು. ಅವಳು ಉಸಿರು ಬಿಗಿಹಿಡಿದು ಕೂತಿದ್ದಳು.

ಅಮ್ಮ ಅಡುಗೆಮನೆಯಿಂದ ಬಂದವಳೇ ಬೆರಳು ಬಿಡಿಸಿ ಮಗುವನ್ನು ಎತ್ತಿಕೊಂಡಳು. "ನೀನು ಹೋಗಿ ಹಪ್ಪಳ ಕರಿ. ಕೂಸಿಗೆ ದೃಷ್ಟಿಯಾದೀತು."

ಎಲ್ಲರಿಗೂ ಕೇಳಿಸಿತು. ಡೆಸ್ಮಂಡರ ನಗು ನಿಂತಿತು.

"ಎಂತ ಅಮ್ಮ ಹಾಗೆ ಹೇಳುವುದು? ಈ ಮಗು ಹುಟ್ಟಿದ್ದೇ ಕಂಪನಿಯ ವಿಮೆಯ ಆ ಬೆನಿಫಿಟ್‌ನಲ್ಲಿ. ತೊಂದರೆ ಇದ್ದದ್ದು ಸೋಫಿಯಾಗೆ ಅಲ್ಲ, ನನಗೆ. ಟ್ರೀಟ್‌ಮೆಂಟ್ ಮಾಡಿದ್ರು, ಆಯ್ತು." ಅಣ್ಣನ ಕಡೆ ತಿರುಗಿದರು. "ನೀನೂ ಒಮ್ಮೆ ತೋರಿಸು ಮಾರಾಯ. ನೀನು ಕಂಪನಿಯವನು ಹೌದೋ ಅಲ್ಲವೋ, ಅಷ್ಟೇ ನಾನು ನೋಡುವುದು. ಒಳಗಿನ ವಿಷಯ ನನಗೆ ಎಂತದೂ ಗೊತ್ತಾಗುವುದಿಲ್ಲ."

ಅತ್ತಿಗೆ ಹಪ್ಪಳದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ನಾನು ಆಸೆ ನೋಡಿದ್ದು ಅದೇ ಮೊದಲು.

ಅವರು ಹೊರಟುಹೋದ ಮೇಲೆ ಅಣ್ಣ ಆ ತಟ್ಟೆಯನ್ನು ಸಿಂಕಿಗೆ ಎಸೆದ. "ಅವನಿಗೆ ಹೇಳಿಕೊಟ್ಟವಳು ನೀನೇ ಅಲ್ವಾ?"

"ದೇವರಾಣೆ ಇಲ್ಲ ರೀ. ಅವರೇ ಹೇಳಿದ್ರಲ್ಲ, ನಾಚಿಕೆ ಏನಿಲ್ಲ ಅಂತ..."

"ಅವನಿಗೆ ಮಾನ ಇಲ್ಲ. ನಂಗಿದೆ. ಖಲಾಸ್! ಇನ್ನು ಈ ಮಾತು ಬಂದ್ರೆ ನಿನ್ನ ವೀಸಾ ಕ್ಯಾನ್ಸಲ್."

ಮರುದಿನದಿಂದ ಪುಡಿ ಎರಡು ಹೊತ್ತಾಯಿತು. ಅತ್ತಿಗೆ ಊಟ ಬಿಟ್ಟಳು. ನಿಂತಲ್ಲಿ ಓಕರಿಕೆ. ಅಮ್ಮ ಅದನ್ನು ಬಸಿರಿನ ಲಕ್ಷಣವೆಂದು ಊರಿಗೆಲ್ಲ ಫೋನು ಮಾಡಿ, ಬೆಲ್ಲದ ಪಾಯಸ ಮಾಡಿದಳು. ಅತ್ತಿಗೆಗೆ ಅದನ್ನೂ ಬಲವಂತವಾಗಿ ತಿನ್ನಿಸಿದಳು. ಬಾಲ್ಕನಿಯ ಬಿಸಿಲಿನಲ್ಲಿ ಬಟ್ಟೆ ಹರವುವಾಗ ನಾನು ಅತ್ತಿಗೆಯ ಕಣ್ಣು ನೋಡಿದೆ. ಅರಿಶಿನದ ನೀರಿನಂತಿತ್ತು.

ಅಂದೇ ಅವಳನ್ನು ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಡಾಕ್ಟರು ಏನಾದರೂ ಔಷಧಿ ತಗೊಳ್ತಿದೀರಾ ಎಂದು ಕೇಳಿದರು. ಅತ್ತಿಗೆ ಅಮ್ಮನ ಮುಖ ನೋಡಿ ಇಲ್ಲವೆಂದು ತಲೆಯಾಡಿಸಿದಳು. ನಾನು ಆಣೆ ಹಾಕಿರಲಿಲ್ಲ. ಪುಡಿಯ ವಿಷಯ ಹೇಳಿದೆ, ಮನೆಗೆ ಹೋಗಿ ಡಬ್ಬಿಯನ್ನೂ ತಂದುಕೊಟ್ಟೆ. ಅಷ್ಟರಲ್ಲಿ ಯಕೃತ್ತು ಕೆಟ್ಟುಹೋಗಿತ್ತು. ಪುಡಿಯೇ ಕಾರಣವೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

"ನೋಡಿದ್ಯಾ, ನೀನು ಬಾಯಿಬಿಟ್ಟೆ, ಗುಣ ಹೋಯ್ತು," ಎಂದಳು ಅಮ್ಮ ನನಗೆ. ನಿಜವಾಗಿಯೂ ಹಾಗೇ ನಂಬಿ ಅಳುತ್ತಿದ್ದಳು.

ಪ್ರಜ್ಞೆ ಇದ್ದ ಕೊನೆಯ ದಿನ ಅತ್ತಿಗೆ ಅಣ್ಣನ ಕೈಹಿಡಿದಳು. "ಲ್ಯಾಬು ಕೆಳಗಿನ ಮಹಡೀಲೇ ಇದೆಯಂತೆ ರೀ. ನಾನು ಹುಷಾರಾಗಿ ಎದ್ದಾಗ ಆಗಿರತ್ತೆ. ಹೋಗಿ ಬರ್ತೀರಾ?"

ಅಣ್ಣ ಎದ್ದು ಹೋದ. ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳು. ಅವನು ಬಂದಾಗ ಕೈಯಲ್ಲಿ ಕರಕ್ ಚಹದ ಕಾಗದದ ಲೋಟವಿತ್ತು. "ಅಲ್ಲಿ ಯಾರೋ ಗುರುತಿನವರಿದ್ರು," ಎಂದ. ಅತ್ತಿಗೆ ಅವನ ಕೈಯನ್ನು ಮತ್ತೆ ಹಿಡಿಯಲಿಲ್ಲ.

ಹಿತಾ ಅತ್ತಿಗೆ ಸತ್ತಳು. ಅಮ್ಮ ಬಂದವರಿಗೆಲ್ಲ "ಪಿತ್ತ ತಲೆಗೇರಿ ಹೋದಳು. ಮುತ್ತೈದೆಯಾಗಿ ಹೋದಳಲ್ಲ, ಪುಣ್ಯವಂತೆ," ಎಂದಳು.

ವರ್ಷ ತುಂಬುವ ಮೊದಲೇ ನಂಜನಗೂಡಿನ ಹುಡುಗಿಯೊಬ್ಬಳ ಜಾತಕ ಕೂಡಿಬಂತು. ಅವಳನ್ನು ವಿಡಿಯೊ ಕರೆಯಲ್ಲಿ ನೋಡುವ ದಿನ ಅಮ್ಮ ಬೆಳಿಗ್ಗೆಯೇ ಮುನಿಯಪ್ಪನಿಗೆ ಫೋನು ಮಾಡುವುದು ನನಗೆ ಕೇಳಿಸಿತು. "ಈ ಸಲ ತಡ ಮಾಡಲ್ಲಪ್ಪ. ಹುಡುಗಿ ಬಂದ ತಿಂಗಳಿಂದ್ಲೇ ಶುರುಮಾಡ್ತೀನಿ. ಪುಡಿ ರೆಡಿ ಮಾಡಿಡು."

ಸಂಜೆ ಲ್ಯಾಪ್‌ಟಾಪಿನ ಮುಂದೆ ಅಣ್ಣ ಹೊಸ ಅಂಗಿ ತೊಟ್ಟು ಕೂತ. ಪರದೆಯಲ್ಲಿ ಹುಡುಗಿ, ಅವಳ ಅಪ್ಪ ಅಮ್ಮ. ಮೊದಲನೆಯವಳಿಗೆ ಗರ್ಭಕೋಶ ಸರಿಯಿರಲಿಲ್ಲ, ಕಾಮಾಲೆಯಲ್ಲಿ ಹೋದಳು ಎಂದು ಅಮ್ಮ ಹೇಳಿದಳು. ಹುಡುಗಿಯ ತಾಯಿ ಅಯ್ಯೋ ಪಾಪ ಎಂದರು. ಹುಡುಗಿ ನನ್ನನ್ನು ನೋಡಿ ನಕ್ಕು, "ನೀವೇನೂ ಮಾತಾಡ್ತಾನೇ ಇಲ್ವಲ್ಲ," ಎಂದಳು.

"ಅವಳು ಹಾಗೇ, ಬಾಯಿ ಸತ್ತೋಳು," ಎಂದು ಅಮ್ಮ ನಕ್ಕಳು.

ನಾನು ಪರದೆಯ ಹತ್ತಿರಕ್ಕೆ ಬಂದೆ. "ನನ್ನ ಅತ್ತಿಗೆ ಹಿತಾಗೆ ಯಾವ ದೋಷವೂ ಇರಲಿಲ್ಲ," ಎಂದೆ. "ಅಮ್ಮ ಕುಡಿಸಿದ ಪುಡಿಯಿಂದ ಸತ್ತಳು. ಅಣ್ಣನ ಕಂಪನೀಲಿ ಚಿಕಿತ್ಸೆ ಸಿಗ್ತಿತ್ತು. ಅಣ್ಣ ಪರೀಕ್ಷೆಗೆ ಹೋಗಲಿಲ್ಲ. ಇನ್ನೂ ಹೋಗಿಲ್ಲ. ನಿಮಗೂ ಪುಡಿಗೆ ಹೇಳಿಯಾಗಿದೆ."

ಹುಡುಗಿ ಅಣ್ಣನನ್ನೇ ನೋಡಿ ಕೇಳಿದಳು: "ಹೌದಾ? ಈಗ ಮಾಡಿಸ್ಕೋತೀರಾ?"

ಅಣ್ಣ ಅಮ್ಮನ ಮುಖ ನೋಡಿದ. ಉತ್ತರಕ್ಕೆ ಹುಡುಗಿ ಕಾಯಲಿಲ್ಲ. ಪರದೆ ಕಪ್ಪಾಯಿತು.

ಅಮ್ಮ ನನ್ನ ಕೆನ್ನೆಗೆ ಹೊಡೆದಳು. ಜೀವನದಲ್ಲಿ ಅದೇ ಮೊದಲು. "ಯಾರ ಹೊಟ್ಟೇಲಿ ಹುಟ್ಟಿದ್ಯೆ ನೀನು? ಸ್ವಂತ ಅಣ್ಣನ ಮಾನ ತೆಗೆದ್ಯಲ್ಲ! ನಾಳೆ ಇನ್ನೊಂದು ಹುಡುಗಿ ನೋಡ್ಬೇಕಲ್ಲ, ಏನು ಮಾಡ್ಲಿ?"

"ಇನ್ನೊಂದು ಹುಡುಗಿ ನೋಡಮ್ಮ," ಎಂದೆ. ತುಟಿ ಒಡೆದಿತ್ತು, ಮಾತು ಮಾತ್ರ ನೆಟ್ಟಗೆ ಬಂತು. "ಅವಳಿಗೂ ಹೇಳ್ತೀನಿ."