ಹೇಳದೆ ಬಿಟ್ಟ ಕುಲ

ಗ್ಲೆನಿಬಾ ಅಜ್ಜಿಯ ಮನೆಯೆದುರು ಪಿಕಪ್ ನಿಲ್ಲಿಸಿ, ಅವಳಾಗಿಯೇ ಹೊರಬರಲಿ ಎಂದು ನಾನೂ ಮಗಳು ವರ್ಲೀನಳೂ ಗಾಡಿಯಲ್ಲೇ ಕಾದೆವು. ಅಜ್ಜಿ ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡಳು. ಒಂದು ಗಂಟೆಯಾಯಿತು. ಮನೆಯಿಂದ ತಂದಿದ್ದ ಹರಿದ ಕಾಲುಚೀಲಗಳನ್ನೆಲ್ಲ ನಾನು ಹೊಲಿದು ಮುಗಿಸಿದೆ.

ವರ್ಲೀನಳ ಶಾಲೆಯ ಮಕ್ಕಳು ಅಮೆರಿಕದ ಮೂಲನಿವಾಸಿಗಳಾದ ನಮ್ಮ ನವಾಹೊ ಜನರ ಊರಿನ ಚರಿತ್ರೆ ಬರೆಯುತ್ತಿದ್ದರು. ಮೇಕೆಗಳು ಹೆಚ್ಚಾದವೆಂದು ಸರ್ಕಾರ ಅವನ್ನು ಕಮರಿಗೆ ಅಟ್ಟಿ ಕೊಂದ ವರ್ಷದ ಅಧ್ಯಾಯ ಇವಳ ಪಾಲಿಗೆ ಬಂದಿತ್ತು. ಅದನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ಗ್ಲೆನಿಬಾ ಒಬ್ಬಳೇ. ಶುಕ್ರವಾರದೊಳಗೆ ಅವಳು ಮಾತಾಡದಿದ್ದರೆ ಆ ಅಧ್ಯಾಯವಿಲ್ಲದೆಯೇ ಪುಸ್ತಕ ಅಚ್ಚಿಗೆ ಹೋಗುತ್ತಿತ್ತು.

ಕೊನೆಗೂ ಬಾಗಿಲು ತೆರೆಯಿತು. ವರ್ಲೀನ್ ಟೇಪ್ ರೆಕಾರ್ಡರ್ ಅಪ್ಪಿಕೊಂಡು ಇಳಿದಳು, ಹಿಂದೆ ನಾನು. ಪರಿಚಯಕ್ಕೆ ನಮ್ಮಲ್ಲಿ ಅಮ್ಮನ, ಅಪ್ಪನ, ಇಬ್ಬರು ಅಜ್ಜಂದಿರ ಕುಲ ಹೇಳಬೇಕು; ಅವಳು ಹೇಳಿಕೊಂಡಳು.

"ನಾನು ಕಹಿನೀರಿನವಳು ಅಜ್ಜಿ. ಅಪ್ಪ ಎತ್ತರಮನೆಯವರು. ಅಪ್ಪನ ಅಪ್ಪ ಕೆಸರಿನ ಕುಲದವರು."

"ಅಮ್ಮನ ಅಪ್ಪನ್ನ ಎಲ್ಲಿ ಇಳಿಸಿ ಬಂದೆ?"

ವರ್ಲೀನ್ ನನ್ನತ್ತ ತಿರುಗಿದಳು. ಅದೊಂದನ್ನು ಬಿಟ್ಟುಬಿಡು ಎಂದು ಬೆಳಿಗ್ಗೆ ಅವಳ ತಲೆ ಬಾಚುವಾಗ ಹೇಳಿದ್ದು ನಾನೇ.

"ಅವಳನ್ಯಾಕೆ ನೋಡ್ತೀಯ? ನಿಮ್ಮಮ್ಮನ ಗಲ್ಲ ನೋಡಿದ್ರೆ ಸಾಕು, ಯಾರ ಮಗಳು ಅಂತ ಗೊತ್ತಾಗುತ್ತೆ. ಆ ಗಲ್ಲ ಕುದುರೆ ಮೇಲೆ ಕೂತ್ಕೊಂಡು ನಮ್ಮನೆಗೆ ಬಂದಿತ್ತು."

"ಅಮ್ಮ, ನಮ್ಮಪ್ಪ ಸರ್ಕಾರ ಹೇಳಿದ ಕೆಲಸ ಮಾಡಿದ್ರು," ಎಂದೆ, ಹಿರಿಯರನ್ನು ಕರೆಯುವ ರೂಢಿಯಂತೆ.

"ನನ್ನನ್ನ ಅಮ್ಮ ಅನ್ಬೇಡ. ನಮ್ಮಮ್ಮ ಮರಿಗಳನ್ನ ಕಂಬಳಿ ಕೆಳಗೆ ಮುಚ್ಚಿಟ್ಟಿದ್ಲು. ಆ ಕಂಬಳಿ ಎತ್ತಿದ್ದು ಸರ್ಕಾರದ ಕೈಯಾ?"

ವರ್ಲೀನ್ ನಡುವೆ ಬಾಯಿ ಹಾಕಿದಳು. "ಅಮ್ಮನ ಅಪ್ಪ ಉಪ್ಪಿನ ಕುಲದವರು ಅಜ್ಜಿ. ಹೇಳದೇ ಇದ್ದಿದ್ದು ತಪ್ಪಾಯ್ತು."

"ಈಗ ಹೇಳಿದ್ರೆ ಮೇಕೆ ಎದ್ದು ಬರ್ತಾವಾ? ಆ ಡಬ್ಬಿ ಎತ್ಕೊಂಡು ನಡಿ."

ಮಗಳು ತಲೆ ತಗ್ಗಿಸಿ ಹೊರಟಳು. ನಾನು ಅವಳ ಕೈಯಿಂದ ರೆಕಾರ್ಡರ್ ತೆಗೆದುಕೊಂಡು ಗುಂಡಿ ಒತ್ತಿದೆ. ತೀರಿಕೊಂಡವರ ಹೆಸರು ಹೇಳುವುದು ನಮ್ಮಲ್ಲಿಲ್ಲ. ಅಪ್ಪನ ಹೆಸರೆತ್ತದೆ, ಅವನು ತನ್ನ ಕೊನೆಯ ಚಳಿಗಾಲದಲ್ಲಿ ನನಗೊಬ್ಬಳಿಗೇ ಹೇಳಿದ್ದನ್ನು ಹೇಳಿದೆ.

"ನಮ್ಮಪ್ಪ ಕಂಬಳಿ ಎತ್ತಿದ್ರು. ಆ ಹೆಂಗಸು ಮರಿಗಳ ಮೇಲೆ ಬಿದ್ಕೊಂಡ್ಳು. ಅವಳನ್ನ ಎಳೆದು ಹಾಕಿದ್ರು. ಅವಳ ಮಗಳು ಅವರ ಮಣಿಕಟ್ಟು ಕಚ್ಚಿದ್ಲು. ಸಾಯೋವರೆಗೂ ಕಲೆ ಇತ್ತು. ಹನ್ನೊಂದು ಮರಿ ಕೊಂದೆ ಅಂದ್ರು."

"ಹದಿನಾಲ್ಕು," ಎಂದಳು ಗ್ಲೆನಿಬಾ.

ಟೇಪ್ ಸುತ್ತುತ್ತಲೇ ಇತ್ತು.

"ಸಾಯೋವಾಗಲೂ ಮೂರು ಮರಿ ಮುಚ್ಚಿಟ್ಟ," ಎನ್ನುತ್ತ ಅವಳು ಮರದ ದಿಮ್ಮಿಯ ಮೇಲೆ ಕುಳಿತಳು. "ಹುಡುಗಿ, ಇಲ್ಲಿ ಬಾ. ಆ ಮೂರನ್ನೂ ಸರಿಯಾಗಿ ಬರ್ಕೋ. ನಿಮ್ಮಮ್ಮ ಗಾಡೀಲೇ ಇರ್ಲಿ. ನನ್ನ ಅಂಗಳದಲ್ಲಿ ಆ ಗಲ್ಲ ಬೇಡ."

ನಾನು ಹೋಗಿ ಪಿಕಪ್‌ನಲ್ಲಿ ಕುಳಿತೆ. ಹೊಲಿಯಲು ಏನೂ ಉಳಿದಿರಲಿಲ್ಲ. ಗಾಜಿನಾಚೆ ಅಜ್ಜಿ ಕಮರಿಯ ಕಡೆ, ನಮ್ಮವರ ಹಾಗೆ, ಬೆರಳ ಬದಲು ತುಟಿ ಚಾಚಿ ತೋರಿಸಿದಳು. ಆಮೇಲೆ ತನ್ನ ಮಣಿಕಟ್ಟನ್ನೇ ಬಾಯಿಗೆ ಒಯ್ದು, ಹೇಗೆ ಕಚ್ಚಿದೆನೆಂದು ನನ್ನ ಮಗಳಿಗೆ ತೋರಿಸಿದಳು. ಒಳಗಿನಿಂದ ಕಾಫಿ ತಂದು ಅವಳ ಕೈಗಿತ್ತಳು. ಒಂದೇ ಲೋಟ.